'ಸೈನೋ-' ಅಂದರೆ ಚೀನಾ ಹೇಗಾಯಿತು? 'ಚೈನೋ-' ಯಾಕಾಗಲಿಲ್ಲ?

ಪದಗಂಟು ಕೇಳಿದ್ದು:

1962ರ ಯುದ್ಧಕ್ಕೆ ಇಂಗ್ಲಿಷಿನಲ್ಲಿ 'ಸೈನೋ-ಇಂಡಿಯನ್ ವಾರ್' ಅಂತಾರೆ. ಟಿಬೆಟನ್, ಮಣಿಪುರಿ ಸೇರಿರುವ ಭಾಷಾ ಕುಟುಂಬ 'ಸೈನೋ-ಟಿಬೆಟನ್'. ಚೀನಾದ ಅಧ್ಯಯನ 'ಸೈನಾಲಜಿ'. ದೇಶದ ಹೆಸರು ಮಾತ್ರ 'ಚೈನಾ'. ಚಕಾರ ಎಲ್ಲಿ ಹೋಯಿತು, ಸಕಾರ ಎಲ್ಲಿಂದ ಬಂತು?

ಹುಡುಕಿದರೆ ಒಂದು ಕಡೆ ಚಿನ್ ರಾಜವಂಶದಿಂದ ಅಂತ ಇದೆ, ಇನ್ನೊಂದು ಕಡೆ ಚಿಂಗ್ ವಂಶದಿಂದ ಅಂತ, ಮತ್ತೊಂದು ಕಡೆ ನಮ್ಮ ಸಂಸ್ಕೃತದ 'ಚೀನ'ದಿಂದ ಅಂತ. ಯಾವುದನ್ನು ನಂಬಬೇಕು? ಜಪಾನಿನಲ್ಲಿ 'ಶಿನಾ' ಅಂದರೆ ಬೈಗುಳವಂತೆ, ಹಾಗಾದರೆ 'ಸೈನೋ' ಕೂಡ ಹಾಗೆಯೇ?

ಕೊನೆಗೆ ಅನುವಾದದ ಪ್ರಶ್ನೆ. ಕನ್ನಡದಲ್ಲಿ ಎಲ್ಲ ಕಡೆಯೂ 'ಚೀನಾ-' ಅಂತ ಹಾಕಿದರೆ ನಡೆಯುತ್ತದೆಯೇ? 'ಸೈನೋ-ಜಪಾನೀಸ್ ವೊಕ್ಯಾಬ್ಯುಲರಿ'ಯನ್ನು 'ಚೀನಾ-ಜಪಾನ್ ಪದಕೋಶ' ಅಂತ ಬರೆದಿದ್ದೇನೆ. ಏನೋ ಸರಿ ಕಾಣುತ್ತಿಲ್ಲ.

ಹಳೆನಕ್ಷೆ:

'ಚೈನಾ', 'ಸೈನೋ' ಎರಡೂ ಒಂದೇ ಪದ. ಇಂಗ್ಲಿಷಿಗೆ ಎರಡು ದಾರಿಯಲ್ಲಿ ಬಂದಿವೆ, ಅಷ್ಟೇ.

ಮೊದಲು ಸಕಾರದ ದಾರಿ. ಹಳೆಯ ಗ್ರೀಕಿನಲ್ಲಿ 'ಚ' ಧ್ವನಿ ಇಲ್ಲ. ಹಿಂದೂ ಮಹಾಸಾಗರದ ಬಂದರುಗಳಲ್ಲಿ 'ಚೀನ್' ಅಂತ ಕೇಳಿಸಿಕೊಂಡ ಗ್ರೀಕರು ಅದನ್ನು ಕೈಗೆ ಸಿಕ್ಕ ಅಕ್ಷರದಲ್ಲಿ ಬರೆದರು. ಕ್ರಿ.ಶ. ಒಂದನೇ ಶತಮಾನದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ವ್ಯಾಪಾರಿ ಕೈಪಿಡಿಯಲ್ಲಿ ಅದು 'ಥಿನ್'. ಸುಮಾರು 150ರಲ್ಲಿ ಟಾಲೆಮಿ ಬರೆದ ಭೂಗೋಳದಲ್ಲಿ ಜನ 'ಸಿನಾಯ್', ಅವರ ರಾಜಧಾನಿ 'ಥಿನಾಯ್'. ಆರನೇ ಶತಮಾನದ ಗ್ರೀಕ್ ಲೇಖಕ ಕಾಸ್ಮಾಸ್‌ನಲ್ಲಿ 'ತ್ಸಿನಿಸ್ತಾ', ಅಂದರೆ ನಮ್ಮ 'ಚೀನಸ್ಥಾನ'. ಥ, ಸ, ತ್ಸ ಅಂತ ಮೂರು ಕಡೆ ಮೂರು ಬಗೆ. ಮೂಲದಲ್ಲಿದ್ದದ್ದು ಗ್ರೀಕರ ನಾಲಿಗೆಗೆ ಹೊರಳದ ಚಕಾರ ಅನ್ನುವುದಕ್ಕೆ ಈ ತಡಕಾಟವೇ ಒಳ್ಳೆಯ ಸಾಕ್ಷಿ.

ಟಾಲೆಮಿಯ 'ಸಿನಾಯ್' ಲ್ಯಾಟಿನ್ನಿಗೆ ಹೋಗಿ 'ಸಿನೇ' ಆಯಿತು. 17ನೇ ಶತಮಾನದಲ್ಲಿ ಚೀನಾದ ಬಗ್ಗೆ ಯುರೋಪಿಗೆ ಬರೆದು ತಿಳಿಸುತ್ತಿದ್ದವರು ಹೆಚ್ಚಾಗಿ ಜೆಸುಯಿಟ್ ಪಾದ್ರಿಗಳು. ಅವರ ಬರಹದ ಭಾಷೆ ಲ್ಯಾಟಿನ್, ಹಾಗಾಗಿ ಪುಸ್ತಕದ ಹೆಸರುಗಳಲ್ಲೆಲ್ಲ 'ಸಿನೆನ್ಸಿಸ್', 'ಸಿನಾರಮ್'. ವಿದ್ವಾಂಸರ ವಲಯದಲ್ಲಿ ಸಕಾರ ಗಟ್ಟಿಯಾಗಿ ಕೂತದ್ದು ಹೀಗೆ. 19ನೇ ಶತಮಾನದಲ್ಲಿ ಇಂಗ್ಲಿಷಿಗೆ ಒಂದು ಪೂರ್ವಪದ ಬೇಕಾದಾಗ ಅದೇ ಲ್ಯಾಟಿನ್ ಬುಡಕ್ಕೆ ಗ್ರೀಕ್ ಶೈಲಿಯ 'ಓ' ಅಂಟಿಸಿದರು. ಆಂಗ್ಲೋ, ಫ್ರಾಂಕೋ, ರುಸ್ಸೋ, ಇಂಡೋ ಇವುಗಳಲ್ಲಿರುವುದೂ ಅದೇ 'ಓ'. ಅದಕ್ಕೆ ಅರ್ಥವಿಲ್ಲ, ಎರಡು ಪದಗಳ ನಡುವಿನ ಗಾರೆ ಅದು.

ಚಕಾರದ ದಾರಿ ಬೇರೆ. 15ನೇ ಶತಮಾನದ ಕೊನೆ, 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಭಾರತದ ಕರಾವಳಿಗೂ ಮಲಕ್ಕಾಕ್ಕೂ ಬಂದಾಗ ಇಲ್ಲಿಯವರ ಬಾಯಲ್ಲಿ ನೇರವಾಗಿ 'ಚೀನ' ಕೇಳಿದರು. ಅವರಿಂದ ಇಂಗ್ಲಿಷಿಗೆ. 1555ರಲ್ಲಿ ರಿಚರ್ಡ್ ಈಡನ್ನನ ಅನುವಾದದಲ್ಲಿ ಅದು ಮುದ್ರಣದಲ್ಲಿ ಕಾಣುತ್ತದೆ. ದೀರ್ಘ 'ಈ' ಇಂಗ್ಲಿಷಿನಲ್ಲಿ 'ಐ' ಆಗುವುದು ಮಾಮೂಲು. ಅದಕ್ಕೇ ಚೀನ ಹೋಗಿ ಚೈನಾ, ಸಿನೋ ಹೋಗಿ ಸೈನೋ.

ಕೆಲವು ನಿಘಂಟುಗಳು ಗ್ರೀಕ್ ರೂಪ ಅರಬ್ಬಿಯ 'ಸೀನ್'ನಿಂದ ಬಂತು ಅನ್ನುತ್ತವೆ. ಅರಬ್ಬಿಯಲ್ಲೂ ಚಕಾರ ಇಲ್ಲ, ಅಲ್ಲಿಯೂ ಸ್ವಾದ್ ಅಕ್ಷರದ ಸಕಾರವೇ. ಆದರೆ ಅರಬ್ಬಿ ಗ್ರಂಥಗಳಲ್ಲಿ ಈ ಪದ ಸಿಗುವುದು ಟಾಲೆಮಿಗಿಂತ ಎಷ್ಟೋ ಶತಮಾನ ಈಚೆಗೆ. ಚಕಾರ ಇಲ್ಲದ ಎರಡು ಭಾಷೆಗಳು ಒಂದೇ ಉಪಾಯ ಮಾಡಿಕೊಂಡವು ಅನ್ನುವಷ್ಟನ್ನು ಒಪ್ಪಬಹುದು. ಬಾಣದ ಗುರುತು ಹಾಕಿ ಇದರಿಂದ ಅದು ಅನ್ನುವಾಗ ಕೈ ಸ್ವಲ್ಪ ನಡುಗಬೇಕು.

ಇನ್ನು ಚಿನ್, ಚಿಂಗ್ ಗೊಂದಲ. ಚಿಂಗ್ ವಂಶ ಆಳಿದ್ದು 1644ರಿಂದ 1912ರವರೆಗೆ. ಟಾಲೆಮಿ ಸತ್ತು ಸಾವಿರದ ಐನೂರು ವರ್ಷ ಕಳೆದ ಮೇಲಿನ ಮಾತು, ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಹೇಳಬೇಕಾದದ್ದು ಚಿನ್: ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿ, 206ರಷ್ಟರಲ್ಲಿ ಅಳಿದುಹೋದ ವಂಶ. 'ಚೀನ' ಹುಟ್ಟಿದ್ದು ಚಿನ್‌ನಿಂದ ಎಂದು ಯುರೋಪಿನಲ್ಲಿ ಅಚ್ಚು ಹಾಕಿಸಿದವನು ಜೆಸುಯಿಟ್ ಮಾರ್ಟಿನೋ ಮಾರ್ಟಿನಿ, 1655ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರಬಂದ ತನ್ನ ಭೂಪಟ ಸಂಪುಟದಲ್ಲಿ. ಆದರೆ ಅಂಥ ಮಾತು ಅವನಿಗಿಂತ ಸಾವಿರ ವರ್ಷ ಮೊದಲೇ ಇದೆ. ಏಳನೇ ಶತಮಾನದಲ್ಲಿ ಹರ್ಷವರ್ಧನ (ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯಲ್ಲಿ ತಡೆದನಲ್ಲ, ಅವನೇ) 'ಮಹಾಚೀನ'ದ ಬಗ್ಗೆ ಕೇಳಿದಾಗ ಹ್ಯುಯೆನ್ ತ್ಸಾಂಗ್ ಕೊಟ್ಟ ಉತ್ತರ ಹೀಗೆ: ಚೀನ ಎಂಬುದು ಹಿಂದಿನ ಅರಸರ ದೇಶದ ಹೆಸರು, ಮಹಾ ತಾಂಗ್ ಎಂಬುದು ನಮ್ಮ ಈಗಿನ ದೊರೆಯ ದೇಶದ ಹೆಸರು.

ಕಟ್ಟಾಸಂದೇಹಿ:

ಚಿನ್ ವಾದವನ್ನು ಇಷ್ಟು ಸಲೀಸಾಗಿ ಒಪ್ಪುವುದು ಹೇಗೆ? ಅರ್ಥಶಾಸ್ತ್ರದಲ್ಲಿ 'ಚೀನಪಟ್ಟ', 'ಚೀನಭೂಮಿಜ' ಅಂತ ರೇಷ್ಮೆಯ ಮಾತಿದೆ. ಚಾಣಕ್ಯನ ಕಾಲ ಕ್ರಿ.ಪೂ. ನಾಲ್ಕನೇ ಶತಮಾನ, ಚಿನ್ ಸಾಮ್ರಾಜ್ಯ ಬಂದದ್ದು 221ರಲ್ಲಿ. ಮಗನ ಮದುವೆಗೆ ಮೊದಲೇ ಮೊಮ್ಮಗ ಹುಟ್ಟಿದ ಹಾಗಾಯಿತಲ್ಲ! ಮಹಾಭಾರತದಲ್ಲಿ ಪ್ರಾಗ್ಜ್ಯೋತಿಷದ ಭಗದತ್ತನ ಸೇನೆಯಲ್ಲಿ ಕಿರಾತರ ಜೊತೆ ಚೀನರು ಇದ್ದಾರೆ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ದ್ರಾವಿಡ, ಯವನ, ಶಕರ ಸಾಲಿನಲ್ಲಿ ಚೀನರೂ ಇದ್ದಾರೆ.

ಹಳೆನಕ್ಷೆ:

ಈ ಆಕ್ಷೇಪಕ್ಕೆ ಎರಡು ತುದಿಯಿಂದ ಉತ್ತರವಿದೆ.

221 ಎನ್ನುವುದು ಸಾಮ್ರಾಜ್ಯ ಶುರುವಾದ ವರ್ಷ, ಚಿನ್ ಹುಟ್ಟಿದ ವರ್ಷವಲ್ಲ. ಅದಕ್ಕೂ ಐದಾರು ನೂರು ವರ್ಷ ಮೊದಲಿನಿಂದ ಚಿನ್ ಒಂದು ರಾಜ್ಯವಾಗಿ ಇತ್ತು. ಅದೂ ಎಲ್ಲಿ? ಇಂದಿನ ಗಾನ್ಸು, ಶಾನ್ಸಿ ಪ್ರಾಂತ್ಯಗಳ ಸೀಮೆಯಲ್ಲಿ, ಅಂದರೆ ಚೀನೀ ನಾಡಿನ ಪಶ್ಚಿಮದ ಅಂಚಿನಲ್ಲಿ. ಮಧ್ಯ ಏಷ್ಯಾದಿಂದ ಹೋದವರಿಗೆ ಮೊದಲು ಎದುರಾಗುವ ರಾಜ್ಯ ಅದೇ. ಹೊಸ್ತಿಲಲ್ಲಿದ್ದವನ ಹೆಸರು ಇಡೀ ಮನೆಗೆ ಬಿದ್ದಿತು. ಗಡಿಯ ಮೇಲಿದ್ದ ಸಿಂಧೂ ನದಿಯಿಂದ ಹಿಂದೂ, ಇಂಡಿಯಾ ಬಂದ ರೀತಿಯೂ ಇದೇ.

ಎರಡನೆಯದಾಗಿ, ಈಗ ನಮ್ಮ ಕೈಯಲ್ಲಿರುವ ಅರ್ಥಶಾಸ್ತ್ರದ ಪಾಠ ಇಡಿಯಾಗಿ ಕ್ರಿ.ಪೂ. ನಾಲ್ಕನೇ ಶತಮಾನದ್ದು ಎಂದು ಇಂದಿನ ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಅದು ಕ್ರಿಸ್ತಶಕದ ಆರಂಭದ ಆಚೀಚೆ ರೂಪುಗೊಂಡದ್ದು ಅನ್ನುತ್ತಾರೆ. ಮಹಾಭಾರತವೂ ಶತಮಾನಗಳ ಕಾಲ ಬೆಳೆದ ಕೃತಿ. ಅವುಗಳಲ್ಲಿ 'ಚೀನ' ಇದೆ ಅನ್ನುವುದರಿಂದ ಪದ ಹಳೆಯದು ಎಂದಾಗುತ್ತದೆ, 221ಕ್ಕಿಂತ ಹಳೆಯದು ಎಂದಾಗುವುದಿಲ್ಲ.

ಚಿನ್ ವಾದದ ನಿಜವಾದ ತೊಡಕು ಕಾಲದ್ದಲ್ಲ, ಧ್ವನಿಯದು. ಹಳೆಯ ಚೀನೀ ಉಚ್ಚಾರದಲ್ಲಿ ಆ ಹೆಸರು 'ದ್ಜಿನ್' ತರಹ ಇತ್ತು, ಮೊದಲ ವ್ಯಂಜನ ಘೋಷ, ಅಂದರೆ ದ, ಜ ಥರದ್ದು. ಸಂಸ್ಕೃತದಲ್ಲಿ ಜಕಾರ ಇದ್ದೂ ಯಾಕೆ ಚಕಾರ ಹಿಡಿದರು? ಈ ಬಿರುಕಿನಲ್ಲೇ ಬೇರೆ ಊಹೆಗಳು ನುಗ್ಗುತ್ತವೆ. ಹಳೆಯ ಚೀನಾದ ಚೂ ರಾಜ್ಯದ ಇನ್ನೊಂದು ಹೆಸರಾದ 'ಜಿಂಗ್' ಎನ್ನುವವರಿದ್ದಾರೆ, ನೈಋತ್ಯದ ಯೆಲಾಂಗ್ ರಾಜ್ಯದ ಕಡೆ ಬೆರಳು ತೋರಿಸುವವರೂ ಇದ್ದಾರೆ. ಯಾವುದೂ ಚಿನ್‌ನಷ್ಟು ಬಲವಾಗಿ ನಿಂತಿಲ್ಲ. ಬರೆಯುವಾಗ 'ಚಿನ್ ಎಂಬ ಹೆಸರಿನಿಂದ ಬಂದಿರಬೇಕು ಎನ್ನುವುದು ಹೆಚ್ಚು ಜನ ಒಪ್ಪುವ ವಾದ' ಅಂತ ಬರೆಯಿರಿ. 'ಚಿನ್‌ನಿಂದ ಬಂದಿದೆ' ಅಂತ ಪೂರ್ಣವಿರಾಮ ಹಾಕಬೇಡಿ.

ಇನ್ನೊಂದು ಮಾತು. ಟಾಲೆಮಿಗೆ ಸಿನಾಯ್ ಅಂದರೆ ಸಮುದ್ರದ ದಾರಿಯಲ್ಲಿ ಸಿಗುವ ದೇಶ. ಭೂಮಾರ್ಗದಲ್ಲಿ ಸಿಗುವ ರೇಷ್ಮೆಯ ಜನಕ್ಕೆ ಅವನು ಬೇರೆ ಹೆಸರು ಕೊಟ್ಟಿದ್ದ, 'ಸೇರಸ್'. ಎರಡೂ ಒಂದೇ ದೇಶ ಅಂತ ಅವನಿಗೆ ಗೊತ್ತಿರಲಿಲ್ಲ. ಆ ಸೇರಸ್ ಪದವೂ ಸತ್ತಿಲ್ಲ: ಅದರಿಂದ ಲ್ಯಾಟಿನ್ನಿನ 'ಸೆರಿಕಮ್', ಅದರಿಂದ 'ಸೆರಿಕಲ್ಚರ್'. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದಿನವೂ ಕೇಳುವ ಇಂಗ್ಲಿಷ್ ಪದದೊಳಗೆ ಟಾಲೆಮಿಯ ಇನ್ನೊಂದು ಚೀನಾ ಕೂತಿದೆ.

ತಮಾಷೆಯೆಂದರೆ ಯುರೋಪು ಇದೇ ತಪ್ಪನ್ನು ಮತ್ತೊಮ್ಮೆ ಮಾಡಿತು. ಭೂಮಾರ್ಗದಲ್ಲಿ ಹೋದವರು ಒಂದು ಕಾಲಕ್ಕೆ ಉತ್ತರ ಚೀನಾವನ್ನು ಆಳಿದ ಖಿತಾನ್ ಜನರ ಹೆಸರಿನಿಂದ 'ಕ್ಯಾಥೇ' ಅಂದರು, ಹಡಗಿನಲ್ಲಿ ಹೋದವರು 'ಚೈನಾ' ಅಂದರು. ಎರಡೂ ಒಂದೇ ಅಂತ ಚೀನಾದಲ್ಲಿದ್ದ ಜೆಸುಯಿಟ್ ಪಾದ್ರಿ ಮತ್ತೆಯೋ ರಿಚ್ಚಿ ವಾದಿಸಿದ. ಅದನ್ನು ಖಚಿತಪಡಿಸಲು ಆಗ್ರಾ, ಲಾಹೋರ್ ದಾರಿಯಾಗಿ ನಡೆದುಹೋದ ಇನ್ನೊಬ್ಬ ಜೆಸುಯಿಟ್ ಬೆಂತೋ ದಿ ಗೋಯಿಶ್ ಚೀನಾದ ಗಡಿಯೊಳಗೆ ತಲುಪಿ 1607ರಲ್ಲಿ ಅಲ್ಲೇ ತೀರಿಕೊಂಡ. ರಷ್ಯನ್ನರು ಇವತ್ತಿಗೂ ಚೀನಾವನ್ನು 'ಕಿತಾಯ್' ಅನ್ನುವುದು ಅದೇ ಖಿತಾನರಿಂದ.

ಹಾನ್‌ಜಿ:

ಮೊದಲು ಬೈಗುಳದ ವಿಷಯ. 'ಸೈನೋ' ಹೀಯಾಳಿಕೆಯಲ್ಲ. 1984ರಲ್ಲಿ ಹಾಂಗ್‌ಕಾಂಗ್ ಹಸ್ತಾಂತರಕ್ಕೆ ಚೀನಾ ಸರ್ಕಾರವೇ ಸಹಿ ಹಾಕಿದ ದಾಖಲೆಯನ್ನು 'ಸೈನೋ-ಬ್ರಿಟಿಷ್ ಜಂಟಿ ಘೋಷಣೆ' ಅಂತಲೇ ಕರೆಯುತ್ತಾರೆ. ಸೈನೋಪೆಕ್, ಸೈನೋಫಾರ್ಮ್ ಚೀನಾದ್ದೇ ಸರ್ಕಾರಿ ಕಂಪನಿಗಳು. ಜಪಾನಿನ 'ಶಿನಾ' ಕಥೆ ಬೇರೆ. ಅದೂ ಸಂಸ್ಕೃತದ 'ಚೀನ'ವೇ, ಬೌದ್ಧ ಗ್ರಂಥಗಳ ಚೀನೀ ಅನುವಾದದ ಮೂಲಕ ಜಪಾನಿಗೆ ಹೋದದ್ದು. ಹುಟ್ಟಿನಲ್ಲಿ ಕೊಳೆ ಇರಲಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಆಕ್ರಮಣಕ್ಕೆ ಬಂದ ಸೈನ್ಯ ಅದನ್ನು ಬಳಸಿದ್ದರಿಂದ ಮುಳ್ಳಾಯಿತು. 1946ರಲ್ಲಿ ಜಪಾನಿನ ವಿದೇಶಾಂಗ ಇಲಾಖೆ ಅದನ್ನು ಬಳಸಬೇಡಿ ಅಂದಿತು. 'ಶಿನಾ ಸೋಬಾ' ಎನ್ನುತ್ತಿದ್ದ ನೂಡಲ್ಸ್ ಈಗ 'ಚೂಕಾ ಸೋಬಾ', ಇಲ್ಲವೇ ರಾಮೆನ್. ಇಂಗ್ಲಿಷಿನಲ್ಲಿ ನೋಯಿಸುವ ಪದ 'ಚೈನಾಮನ್'. ಕುಲದೀಪ್ ಯಾದವ್ ಬೌಲಿಂಗಿಗೆ ಅಂಟಿಕೊಂಡಿದ್ದ ಆ ಹೆಸರನ್ನು ಕ್ರಿಕೆಟ್ ವಾರ್ಷಿಕ ಗ್ರಂಥ ವಿಸ್ಡನ್ 2018ರಲ್ಲಿ ಕೈಬಿಟ್ಟಿತು.

ಈಗ ಅನುವಾದ. ನಿಮ್ಮ ಅನುಮಾನ ಸರಿ, ಒಂದೇ ಪದ ಎಲ್ಲ ಕಡೆ ಹೊಂದುವುದಿಲ್ಲ. ಯಾಕೆಂದರೆ 'ಸೈನೋ-ಇಂಥದ್ದು' ಎಂಬ ಒಂದೇ ಅಚ್ಚಿನಲ್ಲಿ ಮೂರು ಬೇರೆ ಸಂಬಂಧಗಳಿವೆ.

ಯುದ್ಧ, ಒಪ್ಪಂದ, ಗಡಿ ಅಂತ ಬಂದರೆ ಅದು ಎರಡು ದೇಶಗಳ ನಡುವಿನದು. ಇಲ್ಲಿ ಕನ್ನಡದ 'ಚೀನಾ-ಜಪಾನ್ ಯುದ್ಧ' ಸಾಕು. ನಮ್ಮದಾದರೆ ರೂಢಿಯಂತೆ 'ಭಾರತ-ಚೀನಾ ಯುದ್ಧ', ಹಿಂದುಮುಂದಾದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿಗೆ ಆ ಸ್ವಾತಂತ್ರ್ಯ ಕಡಿಮೆ. 'ಇಂಡೋ-ಚೈನೀಸ್' ಅಂದರೆ ವಿಯೆಟ್ನಾಂ ಕಡೆಯ ಇಂಡೋಚೀನಾ ನೆನಪಾಗುತ್ತದೆ, ಇಲ್ಲವೇ ಗೋಬಿ ಮಂಚೂರಿ. ಯುದ್ಧಕ್ಕೆ 'ಸೈನೋ-ಇಂಡಿಯನ್' ಗಟ್ಟಿಯಾಗಲು ಇದೂ ಒಂದು ಅನುಕೂಲ.

'ಸೈನೋ-ಟಿಬೆಟನ್' ಹಾಗಲ್ಲ. ಅದು ಒಂದು ಕುಟುಂಬದ ಎರಡು ಕವಲುಗಳ ಹೆಸರನ್ನು ಹೊಲಿದ ಹೆಸರು. ಇಲ್ಲಿ 'ಚೀನಾ-ಟಿಬೆಟ್' ಅಂತ ದೇಶದ ಹೆಸರು ಹಾಕಿದರೆ ಓದುಗರಿಗೆ ರಾಜಕೀಯ ಕಾಣುತ್ತದೆ, ಭಾಷೆ ಕಾಣುವುದಿಲ್ಲ. 'ಸೈನೋ-ಟಿಬೆಟನ್ ಭಾಷಾ ಕುಟುಂಬ' ಅಂತಲೇ ಇಡಿ, ಇಲ್ಲವೇ 'ಚೀನೀ-ಟಿಬೆಟಿ'. ಬೈಲಕುಪ್ಪೆ, ಮುಂಡಗೋಡಿನಲ್ಲಿ ಆಡುವ ಟಿಬೆಟನ್ ಚೀನೀ ಭಾಷೆಯಿಂದ ಹುಟ್ಟಿದ್ದು ಅಂತ ಈ ಹೆಸರಿಗೆ ಅರ್ಥವಿಲ್ಲ. ಎರಡಕ್ಕೂ ಒಬ್ಬಳೇ ಮುತ್ತಜ್ಜಿ ಅಂತ ಮಾತ್ರ. ಮಣಿಪುರಿ, ಬೋಡೋ ಕೂಡ ಇದೇ ಮನೆಯವು. ಚೀನೀಗೆ ಮಾತ್ರ ತಲೆಯ ಮೇಲಿನ ಜಾಗ ಯಾಕೆ ಎಂದು 'ಟ್ರಾನ್ಸ್-ಹಿಮಾಲಯನ್' ಎಂಬ ಹೆಸರು ಬಳಸುವ ಭಾಷಾತಜ್ಞರೂ ಇದ್ದಾರೆ.

ಮೂರನೆಯದರಲ್ಲೇ ನೀವು ಜಾರಿದ್ದು. 'ಸೈನೋ-ಜಪಾನೀಸ್', 'ಸೈನೋ-ಕೊರಿಯನ್', 'ಸೈನೋ-ವಿಯೆಟ್ನಮೀಸ್' ಪದಗಳು ಅಂದರೆ ಆಯಾ ಭಾಷೆಯ ಒಳಗಿರುವ, ಚೀನೀ ಧಾತುಗಳಿಂದ ಕಟ್ಟಿದ ಪದಗಳ ಪದರ. ಕನ್ನಡದಲ್ಲಿ ತತ್ಸಮ ಇದ್ದ ಹಾಗೆ. ನಮಗೆ ನೀರು ಮತ್ತು ಜಲ, ಜಪಾನಿಗೆ 'ಮಿಜು' ಮತ್ತು 'ಸುಯ್'. ಕೊರಿಯನ್ನಿನಲ್ಲಿ ಗಂಟೆ ಎಣಿಸುವುದು ದೇಶೀ ಸಂಖ್ಯೆಯಲ್ಲಿ, ನಿಮಿಷ ಎಣಿಸುವುದು ಚೀನೀ ಮೂಲದ ಸಂಖ್ಯೆಯಲ್ಲಿ. ಮೂರೂವರೆ ಗಂಟೆಗೆ 'ಸೇ ಸಿ, ಸಾಮ್‌ಶಿಪ್ ಬುನ್' ಅಂತಾರೆ: 'ಸೇ' ದೇಶೀ ಮೂರು, 'ಸಾಮ್‌ಶಿಪ್' ಚೀನೀ ಮೂಲದ ಮೂವತ್ತು. ಹಾಗಾಗಿ ನಿಮ್ಮ ತಲೆಬರಹ 'ಜಪಾನಿ ಭಾಷೆಯ ಚೀನೀ ಮೂಲದ ಪದಗಳು' ಆಗಬೇಕು. 'ಚೀನೀಯಿಂದ ಎರವಲು ಪಡೆದ ಪದಗಳು' ಅಂತ ಮಾತ್ರ ಬರೆಯಬೇಡಿ. ಟೆಲಿಫೋನಿಗೆ ಜಪಾನಿಯ 'ದೆನ್ವಾ' ಚೀನೀ ಧಾತುಗಳಿಂದ ಜಪಾನಿನಲ್ಲೇ ಕಟ್ಟಿದ್ದು, ಆಮೇಲೆ ಚೀನಾಕ್ಕೆ 'ದಿಯೆನ್‌ಹ್ವಾ' ಆಗಿ ಹೋಯಿತು. ನಮ್ಮ 'ದೂರವಾಣಿ' ಸಂಸ್ಕೃತದಿಂದ ಎರವಲು ಅಂದರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ.

ಚೀನೀಯರೇ ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಅವರಿಗೆ 'ಸೈನೋ'ಗೆ ಒಂದೇ ಪದವಿಲ್ಲ. ದೇಶ-ದೇಶಗಳ ವ್ಯವಹಾರಕ್ಕೆ 'ಜೋಂಗ್': ಭಾರತ-ಚೀನಾಕ್ಕೆ 'ಜೋಂಗ್-ಯಿನ್'. ಭಾಷೆ, ವಿದ್ವತ್ತಿಗೆ 'ಹಾನ್': ಸೈನೋ-ಟಿಬೆಟನ್‌ಗೆ 'ಹಾನ್-ಜಾಂಗ್', ಸೈನಾಲಜಿಗೆ 'ಹಾನ್‌ಶುಯೆ'. ಹೊರದೇಶಗಳಲ್ಲಿ ನೆಲೆಸಿದ ಚೀನೀ ಮೂಲದ ಜನರಿಗೆ 'ಹ್ವಾ'. ಕನ್ನಡಕ್ಕೆ ತರುವ ಮೊದಲು ಇದು ಜೋಂಗೋ, ಹಾನೋ ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಹೆಸರುಗಳಲ್ಲಿ ಮಾತ್ರ ಎಚ್ಚರ: 1894–95ರ ಯುದ್ಧಕ್ಕೆ ಜಪಾನಿಗಳು 'ನಿಶ್ಶಿನ್' ಅನ್ನುತ್ತಾರೆ. ಅಲ್ಲಿನ 'ಶಿನ್' ಚಿಂಗ್ ವಂಶ, 'ಶಿನಾ'ದ ತುಂಡಲ್ಲ. ಚಿಂಗ್‌ನಿಂದ ಸೈನೋ ಬಂತು ಅನ್ನುವ ತಪ್ಪಿಗೆ ಇಂಥ ಹೋಲಿಕೆಗಳು ಇಂಬು ಕೊಡುತ್ತವೆ.

ಸೊಪ್ಪುಸದೆ:

ಸೈನೋವಿನ ಅಣ್ಣ 'ಸಿನೆನ್ಸಿಸ್' ನಮ್ಮ ಅಂಗಳದಲ್ಲೇ ಇದ್ದಾನೆ. ದಾಸವಾಳ ಹಿಬಿಸ್ಕಸ್ ರೋಸಾ-ಸಿನೆನ್ಸಿಸ್, ಚಹಾ ಕಮೀಲಿಯಾ ಸಿನೆನ್ಸಿಸ್, ಮೂಸಂಬಿಯಂಥ ಸಿಹಿ ಕಿತ್ತಳೆಗಳು ಸಿಟ್ರಸ್ ಸಿನೆನ್ಸಿಸ್. ಆದರೆ ಲಿಚಿ ಮಾತ್ರ ಲಿಚಿ ಚೈನೆನ್ಸಿಸ್. ಎರಡಕ್ಕೂ ಅರ್ಥ 'ಚೀನಾದ' ಅಂತಲೇ. ಮೊದಲು ಹೆಸರಿಟ್ಟವನು ಯಾವ ಕಾಗುಣಿತ ಬರೆದನೋ ಅದೇ ಕಾಯಂ, ಸಸ್ಯಶಾಸ್ತ್ರದ ನಿಯಮ ಹಾಗೆ. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ತಪ್ಪಾಗುತ್ತದೆ. 'ರೋಸಾ ಚೈನೆನ್ಸಿಸ್' ಅಂದರೆ ದಾಸವಾಳವಲ್ಲ, ಗುಲಾಬಿಯ ಒಂದು ಜಾತಿ.

ಹೆಸರನ್ನು ಊರಿನ ದಾಖಲೆ ಅಂತ ತಿಳಿಯಬೇಡಿ. ರೋಸಾ-ಸಿನೆನ್ಸಿಸ್ ಅಂತ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಬರೆದನಾದರೂ ಆ ದಾಸವಾಳ ಚೀನಾದ ಕಾಡಿನಲ್ಲಿ ತಾನಾಗಿ ಬೆಳೆದದ್ದು ಸಿಕ್ಕಿಲ್ಲ. ಕರಾವಳಿಯವರ ಚೀನಿಕಾಯಿ, ಅಂದರೆ ಸಿಹಿಗುಂಬಳ, ಅಮೆರಿಕಾ ಖಂಡದ ಬಳ್ಳಿ. ಹ್ಯುಯೆನ್ ತ್ಸಾಂಗ್ ಬರೆದಿಟ್ಟ ಪ್ರಕಾರ ಪಂಜಾಬಿನ ಕಡೆ ಪೀಚ್ ಹಣ್ಣಿಗೆ 'ಚೀನನಿ', ಪಿಯರ್ ಹಣ್ಣಿಗೆ 'ಚೀನರಾಜಪುತ್ರ' ಎನ್ನುತ್ತಿದ್ದರು. ಅಲ್ಲಿ ಹೆಸರಿಗೂ ಹಣ್ಣಿಗೂ ಹೊಂದಾಣಿಕೆ ಇದೆ, ಪೀಚ್ ನಿಜಕ್ಕೂ ಚೀನಾದ್ದೇ.

ಡಚ್ಚರು ಕಿತ್ತಳೆಗೆ 'ಸಿನಾಸ್‌ಆಪೆಲ್' ಅಂತಾರೆ, ಚೀನಾದ ಸೇಬು. ಜರ್ಮನ್ 'ಆಪ್‌ಫೆಲ್‌ಸೀನೆ'ಯೂ ಅದೇ. ಸಕಾರದ ದಾರಿ ಬರೀ ಪಂಡಿತರದ್ದಲ್ಲ, ಸಂತೆಯಲ್ಲೂ ನಡೆದಿದೆ.

ಪದಗಂಟು:

ಎಲ್ಲರಿಗೂ ಧನ್ಯವಾದ. ತಲೆಬರಹ ತಿದ್ದಿದೆ. ಎರಡು ಚಿಕ್ಕ ಪ್ರಶ್ನೆ ಉಳಿದಿವೆ. ಕನ್ನಡದಲ್ಲಿ 'ಸಿನೋ' ಬರೆಯಲೋ 'ಸೈನೋ' ಬರೆಯಲೋ? ಹೃದಯದ ಬಡಿತ ಶುರುಮಾಡುವ 'ಸೈನೋ-ಏಟ್ರಿಯಲ್ ನೋಡ್' ಇದೆಯಲ್ಲ, ಅದಕ್ಕೂ ಚೀನಾಕ್ಕೂ ಏನು ಸಂಬಂಧ? ಚೀನೀ ವೈದ್ಯರು ಕಂಡುಹಿಡಿದದ್ದೇ?

ಹಾನ್‌ಜಿ:

ಇಂಗ್ಲಿಷ್ ಉಚ್ಚಾರ 'ಸೈನೋ', ಅದನ್ನೇ ಬರೆಯಿರಿ. 'ಸೈನಾಲಜಿ'ಗೆ 'ಸಿನಾಲಜಿ' ಎಂಬ ಉಚ್ಚಾರವೂ ಇದೆ. ಚೀನೀ ಭಾಷೆಗಳ ಗುಂಪಿನ ಹೆಸರಾದ 'ಸಿನಿಟಿಕ್'ನಲ್ಲಿ ಹೆಚ್ಚಾಗಿ ಹ್ರಸ್ವ 'ಸಿ'ಯೇ. ಕಂಪನಿ ಹೆಸರಾದರೆ ಪತ್ರಿಕೆಗಳಲ್ಲಿ 'ಸಿನೊಫಾರ್ಮ್', 'ಸಿನೊವ್ಯಾಕ್' ರೂಢಿಯಾಗಿದೆ, ಅದರ ಜೊತೆ ಜಗಳ ಬೇಡ. ಅಡ್ಡಗೆರೆಯ ಲೆಕ್ಕವೂ ಸುಲಭ: ಮುಂದೆ ಇನ್ನೊಂದು ದೇಶದ ಅಥವಾ ಭಾಷೆಯ ಹೆಸರು ಬಂದರೆ ಅಡ್ಡಗೆರೆ ಬೇಕು. ಸೈನೋಫೈಲ್ (ಚೀನಾಪ್ರೇಮಿ), ಸೈನೋಫೋನ್ (ಚೀನೀ ಮಾತಾಡುವವರು) ಥರದವಕ್ಕೆ ಬೇಡ.

ಹಳೆನಕ್ಷೆ:

ಹೃದಯದ್ದು ಚೀನಾ ಅಲ್ಲವೇ ಅಲ್ಲ. ಅದನ್ನು 1907ರಲ್ಲಿ ವಿವರಿಸಿದವರು ಬ್ರಿಟನ್ನಿನ ಕೀತ್ ಮತ್ತು ಫ್ಲಾಕ್. ಅಲ್ಲಿನ 'ಸೈನೋ' ಲ್ಯಾಟಿನ್ನಿನ 'ಸೈನಸ್', ಅಂದರೆ ಪೊಳ್ಳು, ಮಡಿಕೆ. ನೆಗಡಿಯಾದಾಗ ಹಣೆ ನೋಯಿಸುವ ಸೈನಸ್ ಅದೇ. ವೈದ್ಯಕೀಯ ಪದಗಳಲ್ಲಿ 'ಸೈನೋ-' ಕಂಡರೆ ಇದೇ ಇರುತ್ತದೆ ಅಂದುಕೊಳ್ಳಿ. ಗಣಿತದ 'ಸೈನ್' ಕೂಡ ಈ ಸೈನಸ್ಸೇ, ಆದರೆ ಅದರ ಹುಟ್ಟು ನಮ್ಮ ಕಡೆಯದು. ಸಂಸ್ಕೃತದ 'ಜ್ಯಾ', 'ಜೀವಾ' ಅರಬ್ಬಿಯಲ್ಲಿ 'ಜೀಬಾ' ಆಯಿತು. ಸ್ವರ ಬರೆಯದ ಲಿಪಿಯಲ್ಲಿ ಅದನ್ನು 'ಜೈಬ್' ಅಂತ ಓದಿದರು. ಜೈಬ್ ಅಂದರೆ ಉಡುಪಿನ ಮಡಿಕೆ, ಮಡಿಲು. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಮಡಿಲಿಗೆ 'ಸೈನಸ್' ಅಂತ ಬರೆದುಬಿಟ್ಟರು.